ನನ್ನ ದನಿಯ ಬೇಲಿ

ಕುಷ್ಟಗಿ ಸೀಮೆ
ಫೆಬ್ರವರಿ ಮೂವತ್ತು, ಎರಡು ಸಾವಿರದ ಇನ್ನೂರ ತೊಂಬತ್ತೊಂದು

ಬಾಳವ್ವಜ್ಜಿಯವರಿಗೆ ನಿಮ್ಮ ವಂಶದ ನೀಲಗಂಗವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಕಾಲ ದಾಟಿ ಹಿಂದಕ್ಕೆ ಬರುವ ಈ ಕಾಗದ ತಲುಪುವಾಗ ನೀವು ನನಗಿಂತ ಚಿಕ್ಕವರು, ಆದರೂ ಅಜ್ಜಿ ಎಂದೇ ಕರೆಯಬೇಕು. ನೇರವಾಗಿ ಹೇಳಿಬಿಡುತ್ತೇನೆ: ನಿಮ್ಮನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು.

ನಿಮ್ಮದೊಂದು ಫೋಟೊ ನಮ್ಮ ಮನೆಯಲ್ಲಿದೆ. ಹಿಂದೆ ಕರೆಂಟಿನ ತಂತಿಬೇಲಿ, ಅದರೊಳಗೆ ಕುರಿಗಳು, ನಿಮ್ಮ ಪಾದದ ಮೇಲೆ ಗಲ್ಲವಿಟ್ಟು ಮಲಗಿದ ನಾಯಿ. ಎಂಥ ಪುಣ್ಯ ನಿಮ್ಮದು! ಆ ನಾಯಿ ತಂತಿಗೆ ಮೂಗು ತಾಗಿಸಿ ಒಮ್ಮೆ ಕುಂಯ್ ಎಂದಿರಬೇಕು. ಆಮೇಲೆ ಅದು ಹೆದರಿದ್ದು ತಂತಿಗೆ, ಓಡಿ ಬಂದದ್ದು ನಿಮ್ಮ ಹತ್ತಿರ.

ನಮ್ಮಲ್ಲಿ ತಂತಿಯೂ ಇಲ್ಲ, ಕಂಬವೂ ಇಲ್ಲ. ಇರುವುದು ಸೊಲ್ಲುಬೇಲಿ. ಕುರಿ, ಎಮ್ಮೆ, ನಾಯಿ ಎಲ್ಲದರ ಕೊರಳಿಗೂ ಒಂದು ಪಟ್ಟಿ. ಗಡಿ ಮುಟ್ಟಿದೊಡನೆ ಪಟ್ಟಿಯೊಳಗಿಂದ ಮನೆಯ ಹೆಂಗಸಿನ ದನಿ ಕೂಗುತ್ತದೆ, ಮರುಗಳಿಗೆಗೆ ಕೊರಳಿಗೆ ಚುರುಕ್ ಎಂದು ಕರೆಂಟು ಹೊಡೆಯುತ್ತದೆ. ಬೆಳಿಗ್ಗೆ ಚಹಾ ಕುಡಿಯುತ್ತ ಅಂಗೈಯಗಲದ ನಕ್ಷೆಯ ಮೇಲೆ ಬೆರಳಿನಿಂದ ಗೆರೆ ಎಳೆದರೆ ಅದೇ ಆ ದಿನದ ಗಡಿ. ಕಾಯಲು ಯಾರೂ ಹೋಗುವುದಿಲ್ಲ. ಹೊಸ ಪಟ್ಟಿ ಕಟ್ಟುವಾಗ ಹಿರಿಸೊಸೆಯ ದನಿ ತುಂಬಿಸುವುದು ಪದ್ಧತಿ. ಅರಿಸಿನ ಹಚ್ಚಿ, ಆರತಿ ಎತ್ತಿ ಕೂಗಿಸುತ್ತಾರೆ. "ನಿನ್ನ ದನಿ ಗಂಟಿ ಬಾರಿಸಿದಂಗೈತಿ" ಎಂದು ಗಂಡ ಹೊಗಳಿದ್ದೇ ಹೊಗಳಿದ್ದು. ನಾನೂ ಉಬ್ಬಿಹೋಗಿ "ಬಾ ಕೆಂಚಿ, ಬಾ" ಎಂದು ಬಾಯಿತುಂಬ ಕೂಗಿ ಕೊಟ್ಟೆ.

ಕೆಂಚಿ ನಮ್ಮ ನಾಯಿ. ತಾಯಿ ಸತ್ತ ಮರಿಯನ್ನು ಬಟ್ಟೆಯಲ್ಲಿ ಹಾಲು ನೆನೆಸಿ ಕುಡಿಸಿ ಬದುಕಿಸಿದವಳು ನಾನು. ಈಗ ನಾನು ಬಾ ಎಂದರೆ ಬಾಲ ಮುದುರಿ, ಕೊರಳು ಕುಗ್ಗಿಸಿ ಹಿಂದೆ ಸರಿಯುತ್ತದೆ. ಹೋಗಿ ಕೂರುವುದು ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಸಂಕವ್ವನ ಮಗ್ಗುಲಲ್ಲಿ. ಅವಳು ಒಂದು ದಿನವೂ ಅದಕ್ಕೆ ತುತ್ತು ಹಾಕಿದವಳಲ್ಲ. "ನಾ ಏನ್ ಮಾಡ್ಲಿ ಅಕ್ಕಾ, ಅದ ಬಂದು ಕುಂದರತೈತಿ" ಎನ್ನುತ್ತಾಳೆ, ಅದರ ಕಿವಿ ತುರಿಸುತ್ತಲೇ. ನನ್ನ ಮೈಯೆಲ್ಲ ಉರಿಯುತ್ತದೆ.

ನಿಮ್ಮಲ್ಲಿ ಒಂದು ಬೇಡಿಕೆ. ನಾಯಿ ಬೇಲಿಯ ಹತ್ತಿರ ಹೋದಾಗ ನೀವು ಬಾಯಿ ತೆರೆಯಬೇಡಿ. ಬುದ್ಧಿ ಕಲಿಸುವ ಕೆಲಸ ತಂತಿಯೇ ಮಾಡಲಿ, ಕೆಟ್ಟ ಹೆಸರೂ ಅದಕ್ಕೇ ಬರಲಿ.

ನಮ್ಮ ಪಟ್ಟಿಗಳು ಹಳೆಯವಾಗಿವೆ, ನಾಳೆ ಹೊಸವು ಬರುತ್ತವೆ. ನನ್ನ ಗಂಟಲು ಕಟ್ಟಿದೆ, ಈ ಸಲ ಸಂಕವ್ವನೇ ಕೂಗಲಿ, ಅವಳ ದನಿ ಜೇನಿನಂತಿದೆ ಎಂದು ಮನೆಯವರಿಗೆಲ್ಲ ಹೇಳಿ ಒಪ್ಪಿಸಿದ್ದೇನೆ. ಪಾಪ, ಹಿಗ್ಗಿನಿಂದ ಹೊಸ ಸೀರೆ ತೆಗೆದಿಟ್ಟಿದ್ದಾಳೆ. ಇದನ್ನು ಬರೆಯುತ್ತಿರುವಾಗಲೂ ಪಡಸಾಲೆಯಲ್ಲಿ "ಬಾ ಕೆಂಚಿ, ಬಾ" ಎಂದು ಕೂಗಿ ಕೂಗಿ ರೂಢಿ ಮಾಡಿಕೊಳ್ಳುತ್ತಿದ್ದಾಳೆ. ಕೆಂಚಿ ಪ್ರತಿ ಸಲವೂ ಕುಣಿಯುತ್ತ ಅವಳ ಹತ್ತಿರ ಓಡುತ್ತಿದೆ.

ಓಡಲಿ ಅಜ್ಜಿ, ಇವತ್ತೊಂದು ದಿನ.