ಬ್ಯಾರನ್ ಕಾಯುತ್ತಿದ್ದ ಅಪ್ಪಂದಿರು ವರದಿಯಲ್ಲಿ ನಾಪತ್ತೆ

ಕುಟುಂಬ ಸಮೀಕ್ಷೆಗೆ ಸಹಿ ಹಾಕಿದ ಮಾನ್ಯ ಅಧಿಕಾರಿಗಳೇ,

ನಾನು ಇದ್ದೇನೆ. ಮದುವೆಯೂ ಆಗಿದೆ. ಇಂಥ ಸಣ್ಣ ವಿಷಯಕ್ಕೆ ತಮಗೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆಯಿರಲಿ. ಕಟ್ಟೆಮಳಲವಾಡಿ ದಾಟಿದರೆ ಸಿಗುವ ನಮ್ಮೂರಿನಲ್ಲಿ ನೂರಕ್ಕೆ ಅರವತ್ತೆರಡು ಮಕ್ಕಳಿಗೆ ತಂದೆಯಿಲ್ಲ, ಅರ್ಧಕ್ಕರ್ಧ ತಾಯಂದಿರಿಗೆ ಮದುವೆಯೇ ಆಗಿಲ್ಲ ಎಂದು ತಮ್ಮ ವರದಿ ಹೇಳುತ್ತದೆ. ನಮ್ಮೂರು ಇಷ್ಟೊಂದು ಮುಂದುವರಿದಿರುವುದು ನಮಗೇ ಗೊತ್ತಿರಲಿಲ್ಲ.

ತಮ್ಮವರು ಬಂದದ್ದು ಆಗಸ್ಟಿನಲ್ಲಿ, ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಹೊಲದಲ್ಲಿರುವ ಬೇಯಿಸುವ ಮನೆಗೆ, ಅಂದರೆ ಬ್ಯಾರನ್ನಿಗೆ, ಸೊಪ್ಪು ಏರಿಸಿ ಬೆಂಕಿ ಹಾಕಿದ ಮೇಲೆ ಐದಾರು ದಿನ ಅದರ ಕಾವು ಕಾಯಬೇಕು. ಊರಿನ ಗಂಡಸರ ಊಟ, ನಿದ್ದೆ ಎಲ್ಲ ಹೊಲದಲ್ಲೇ. ಯಜಮಾನರು ಮನೆಯಲ್ಲಿದ್ದಾರಾ ಎಂದು ಕೇಳಿದ್ದಕ್ಕೆ ನನ್ನ ಹೆಂಡತಿ ಸುನಂದಮ್ಮ, "ಇಲ್ಲ ಕಣ್ರೀ, ಬ್ಯಾರನ್ ತಾವ ಅವ್ರೆ" ಎಂದಳು. ತಮ್ಮವರಿಗೆ ಮೊದಲ ಮಾತಷ್ಟೇ ಸಾಕಾಯಿತು. ಮದುವೆಯ ನೋಂದಣಿ ಪತ್ರ ಕೇಳಿದರು. ಅವಳು ಗೋಡೆಯ ಮೇಲಿದ್ದ ಮದುವೆ ಫೋಟೊ ತೋರಿಸಿದಳು. ಫೋಟೊ ನಡೆಯುವುದಿಲ್ಲವಂತೆ, 'ಅವಿವಾಹಿತೆ' ಎಂದು ಬರೆದುಕೊಂಡು ಹೋದರು.

ನಮ್ಮ ಬೀದಿಯಲ್ಲಿ ಅಂದು ಮನೆಯಲ್ಲೇ ಸಿಕ್ಕ ತಂದೆ ನಂಜುಂಡೇಶನೊಬ್ಬನೇ. ಕುಡಿದು ಜಗಲಿಯ ಮೇಲೆ ಬಿದ್ದಿದ್ದ. ಬ್ಯಾರನ್ ಕಾಯುತ್ತಿದ್ದವಳು ಅವನ ಹೆಂಡತಿ. ತಮ್ಮ ಲೆಕ್ಕದಲ್ಲಿ ಅವನೇ ಜವಾಬ್ದಾರಿಯುತ ತಂದೆ!

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ತಾವು ಶಾಲೆಗೂ ದಯಮಾಡಿಸಿದಿರಿ. ಪ್ರಾರ್ಥನೆಯ ಹೊತ್ತಿನಲ್ಲಿ ಮೈಕ್ ಹಿಡಿದು 'ತಂದೆಯಿಲ್ಲದ ಮಕ್ಕಳ' ಹೆಸರು ಕೂಗಿ, ದಾರಿ ತಪ್ಪಬೇಡಿ ಎಂದು ಬುದ್ಧಿ ಹೇಳಲು ಬೇರೆ ಸಾಲಿನಲ್ಲಿ ನಿಲ್ಲಿಸಿದಿರಿ. ಏಳನೇ ತರಗತಿಯ ನನ್ನ ಮಗಳು ಸೌಂದರ್ಯ ಅಂದಿನಿಂದ ಶಾಲೆಗೆ ಹೋಗಿಲ್ಲ. ಒಂದು ಮಾತು ಕೇಳುತ್ತೇನೆ, ಸ್ವಾಮಿ. ಬೆಳಿಗ್ಗೆ ಹನ್ನೊಂದಕ್ಕೆ ತಮ್ಮ ಮನೆಯ ಬಾಗಿಲು ತಟ್ಟಿದರೆ ತಾವು ಸಿಗುತ್ತೀರಾ? ತಮ್ಮ ಮಕ್ಕಳನ್ನು ಯಾವ ಸಾಲಿನಲ್ಲಿ ನಿಲ್ಲಿಸೋಣ?

ಪಟ್ಟಿಯಿಂದ ಹೆಸರು ತೆಗೆಸಲು ನಾವು ಅಪ್ಪಂದಿರೆಲ್ಲ ಅರ್ಜಿ ಬರೆದುಕೊಂಡೆವು. ಇನ್ನು ಶಾಲೆಗೆ ಹೋಗಮ್ಮ ಎಂದು ಮಗಳಿಗೆ ಹೇಳಿದೆ. ಆ ಸಾಲಿನಲ್ಲಿ ಅವಳ ಪಕ್ಕ ನಿಂತಿದ್ದವಳು ಗೆಳತಿ ಸುಧಾ. ಸುಧಾಳ ತಾಯಿಗೆ ನಿಜವಾಗಿಯೂ ಮದುವೆಯಾಗಿಲ್ಲ. ಕೂಲಿ ಮಾಡಿ ಒಬ್ಬಳೇ ಮಗಳನ್ನು ಸಾಕಿದ್ದಾಳೆ.

"ನಮ್ಮೆಲ್ರ ಹೆಸ್ರೂ ತಗ್ಸುದ್ರೆ ಸುಧಾ ಒಬ್ಳೇ ನಿಂತ್ಕೋಬೇಕಲ್ಲಪ್ಪ" ಎಂದಳು ನನ್ನ ಮಗಳು.

ನನಗೆ ನಾಚಿಕೆಯಾಯಿತು. ಅರ್ಜಿ ಹರಿದು ಹಾಕಿದೆ. ಈಗ ನಾನು ಕೇಳುವುದು ತಿದ್ದುಪಡಿಯನ್ನಲ್ಲ. ಅದೇ ಶಾಲೆಗೆ ಬಂದು, ಅದೇ ಮೈಕ್ ಹಿಡಿದು, ಮೊದಲು ಸುಧಾಳ ಕ್ಷಮೆ ಕೇಳಿ. ನಮ್ಮ ಮಕ್ಕಳ ಸರದಿ ಆಮೇಲೆ ಬರಲಿ.

ಇಂತಿ,
ಮಗಳಿಂದ ಬುದ್ಧಿ ಹೇಳಿಸಿಕೊಂಡ
ಚೆಲುವರಾಜು
ಹುಣಸೂರು ತಾಲ್ಲೂಕು