ಗಂಡನ ಮನೆಯ ಹೆಸರು

ಶಿಕಾಗೋ, ಜೂನ್ ೩, ೧೯೭೫

ಇವತ್ತೂ ಚರ್ಚಿನ ನೆಲಮಾಳಿಗೆಯಲ್ಲಿ ಟೈಪಿಂಗ್. ಯುದ್ಧ ಮುಗಿದು ವಿಯೆಟ್ನಾಮಿನಿಂದ ಓಡಿಬಂದವರ ಕಾರ್ಡು ನಲವತ್ತು ಮುಗಿದವು. ಬೆರಳು ಸೆಟೆದಿವೆ. ಹೆಸರು, ವಯಸ್ಸು, ಯಾರನ್ನು ಹುಡುಕುತ್ತಿದ್ದಾರೆ... ಊರಿಗೆ ಜಾಗವೇ ಇಲ್ಲ! ನಾನೇ ಕೆಳಗೊಂದು ಸಾಲು ಸೇರಿಸಿದೆ: ಪ್ರಾಂತ, ಜಿಲ್ಲೆ. ಮಿ ತೊ, ಕಾನ್ ತೊ, ವಿನ್ ಲಾಂಗ್... ಈಗ ಬಾಯಿಗೆ ಹತ್ತುತ್ತಿವೆ. ನಮ್ಮ ಯಜಮಾನರಿಗೆ ನಗು. ಧಾರವಾಡದಾಗ ಹೆಣ್ಣು ನೋಡಾಕ ಬಂದವರಂಗ ಊರು ಕೇಳ್ತೀಯಲ್ಲ ಅಂದರು.

ಎದುರಿಗೆ ಕೂರುವ ಹುಡುಗಿ ಹ್ವಾ. ಸೈಗಾನಿನಲ್ಲಿ ಟೈಪಿಸ್ಟ್ ಆಗಿದ್ದವಳು. ದಾರಿಯಲ್ಲಿ ಗುವಾಮ್ ದ್ವೀಪದಲ್ಲಿ ವಿಮಾನ ಹತ್ತುವ ನೂಕುನುಗ್ಗಲಲ್ಲಿ ಅಮ್ಮನ ಕೈ ತಪ್ಪಿತಂತೆ. ಸಾ ದೆಕ್ ಪ್ರಾಂತ, ಲಾಪ್ ವೊ ಜಿಲ್ಲೆ, ವಯಸ್ಸು ಐವತ್ತೆಂಟು. ಅವಳು ಬರೆದುಕೊಟ್ಟ ಚೀಟಿಯಲ್ಲಿ 'ಲೆ ಥಿ ಸೌ' ಅಂತಿತ್ತು. ಮಗಳ ಮನೆತನದ ಹೆಸರು ಫಾಮ್, ತೀರಿಕೊಂಡ ಅಪ್ಪನದೂ ಫಾಮ್, ಅಮ್ಮನದು ಮಾತ್ರ ಲೆ ಹೇಗೆ? ಗಾಬರಿಯಲ್ಲಿ ತವರಿನ ಹೆಸರು ಬರೆದಿದ್ದಾಳೆ, ಪಾಪ. ತಿದ್ದಿ 'ಫಾಮ್ ಥಿ ಸೌ' ಎಂದು ಟೈಪ್ ಮಾಡಿದೆ. ಅಮೆರಿಕದಲ್ಲಿರುವ ನಾಲ್ಕೂ ನಿರಾಶ್ರಿತರ ಕ್ಯಾಂಪಿಗೆ ಕಳಿಸಿದ್ದಾಯಿತು.

ಜೂನ್ ೧೨

ಅರ್ಕನ್ಸಾ ಕ್ಯಾಂಪಿನಿಂದ ಉತ್ತರ: ಅಂಥವರು ಯಾರೂ ಇಲ್ಲ. ದಿನಾ ಮೈಕಿನಲ್ಲಿ ಕೂಗಿಸುತ್ತೇವೆ ಅಂದಿದ್ದಾರೆ.

ಜೂನ್ ೨೭

ಉಳಿದ ಮೂರು ಕಡೆಯಿಂದಲೂ ಇಲ್ಲ. ಹ್ವಾ ಊಟ ಬಿಟ್ಟಿದ್ದಾಳೆ. ಉಪ್ಪಿಟ್ಟು ಒಯ್ದಿದ್ದೆ, ಎರಡು ಚಮಚ ತಿಂದಳು. ಅಮ್ಮ ವಿಮಾನ ಹತ್ತಿದ್ದಳೋ ಇಲ್ಲವೋ ಅಂತ ನನ್ನನ್ನು ಕೇಳುತ್ತಾಳೆ. ನನಗೇನು ಗೊತ್ತು...

ಜುಲೈ ೯, ಮಧ್ಯಾಹ್ನ

ಬರೆದೇ ಬಿಡುತ್ತೇನೆ.

ಅವಳ ಮನಸ್ಸು ತಿರುಗಿಸೋಣ ಅಂತ ಊರಿನ ಮಾತು ತೆಗೆದೆ. ಅಲ್ಲಿ ಎಲ್ಲ ಪಟ್ಟಣದಲ್ಲೂ ಚ್ರುಂಗ್ ಸೋದರಿಯರ ಹೆಸರಿನ ಬೀದಿ ಇರುತ್ತದಂತೆ. ಆನೆ ಏರಿ ಚೀನೀಯರ ಮೇಲೆ ಯುದ್ಧಕ್ಕೆ ಹೋದ ರಾಣಿಯರು. ನಾನೂ ಬಿಡಲಿಲ್ಲ, ಕಿತ್ತೂರು ಚೆನ್ನಮ್ಮನ ಕಥೆ ಹೇಳಿದೆ. ಆ ಸೋದರಿಯರಲ್ಲಿ ಅಕ್ಕನ ಗಂಡ ಯಾರು ಅಂದೆ. ಅವನ ಹೆಸರು ಬೇರೆ, ಅವನ ಹೆಸರೇಕೆ ಬೀದಿಗೆ ಇಡುತ್ತಾರೆ ಅಂದಳು. ಆಮೇಲೆ ಸಹಜವಾಗಿ ಹೇಳಿದಳು: "ನಮ್ಮಲ್ಲಿ ಹೆಂಗಸರು ಸಾಯೋವರೆಗೂ ಹುಟ್ಟಿದ ಹೆಸರಲ್ಲೇ ಇರ್ತಾರೆ."

ಐದು ವಾರ. ಇಲ್ಲದ ಹೆಂಗಸನ್ನು ಹುಡುಕಿಸಿದ್ದೇನೆ. ಕೇಳಿದ್ದರೆ ಒಂದು ನಿಮಿಷದ ಮಾತು. ಅತಿ ಬುದ್ಧಿವಂತಿಕೆ, ನನ್ನ ಕರ್ಮ.

ಹ್ವಾಗೆ ಹೇಳಿದೆ. ಅವಳು ಹೊಸ ಕಾರ್ಡು ಸಿಕ್ಕಿಸಿ 'ಲೆ ಥಿ ಸೌ' ಎಂದು ಟೈಪ್ ಮಾಡಿದಳು. ಬೈದಿದ್ದರೆ ಚೆನ್ನಾಗಿತ್ತು. ಯಜಮಾನರ ಆಫೀಸಿಗೆ ಫೋನ್ ಮಾಡಿ ಅತ್ತೆ.

"ತಪ್ಪು ಮಾಡಿದ್ದು ಹೌದು. ಅಳಾಕ ನಾಳಿ ಟೈಮ್ ಐತಿ, ಮೊದಲ ಕ್ಯಾಂಪಿಗೆ ಫೋನ್ ಹಚ್ಚು."

ಹಚ್ಚಿದೆ.

ಜುಲೈ ೧೧

ಅರ್ಕನ್ಸಾದಲ್ಲಿ ಲೆ ಥಿ ಸೌ ಮೂವರಂತೆ! ಊರು ಕೇಳಿ ಅಂದೆ. ಫೋನ್ ಎತ್ತಿದ್ದ ಕ್ಯಾಂಪಿನ ಹೆಂಗಸು ಬೇಸರದಿಂದ ಹೋದಳು, ಇಪ್ಪತ್ತು ನಿಮಿಷ ಲೈನ್ ಹಿಡಿದು ನಿಂತೆವು. ಒಬ್ಬರು ಸಾ ದೆಕ್, ಲಾಪ್ ವೊ. ಐವತ್ತೆಂಟು. ಒಬ್ಬಳೇ ಮಗಳು, ಹ್ವಾ.

ಹ್ವಾ ರಿಸೀವರ್ ಕಸಿದುಕೊಂಡಳು. ಬದುಕಿದೆನಪ್ಪಾ. ಮನೆಗೆ ಬಂದು ಎರಡು ತಟ್ಟೆ ಅನ್ನ ಉಂಡೆ.

ಜುಲೈ ೨೦, ಭಾನುವಾರ

ಅಮ್ಮ ನಿನ್ನೆ ಬಂದರು. ಗಿಡ್ಡ ಹೆಂಗಸು, ಬಿಡದೆ ಮಗಳ ತೋಳು ಹಿಡಿದುಕೊಂಡೇ ಇದ್ದಾರೆ. ಇವತ್ತು ಇಬ್ಬರೂ ನಮ್ಮ ಮನೆಗೆ ಊಟಕ್ಕೆ. ಹುಡುಕಿಕೊಟ್ಟವಳು ಇವಳೇ ಅಂತ ಹ್ವಾ ಹೇಳಿದ್ದಾಳೆ, ಅಷ್ಟೇ; ನನ್ನ ತಪ್ಪನ್ನು ಹೇಳಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಊಟದ ನಡುವೆ ಅಮ್ಮ ಏನೋ ಹೇಳಿದರು. ಹ್ವಾ ತಡೆದು ತಡೆದು ಇಂಗ್ಲಿಷಿಗೆ ತಂದಳು. ಕ್ಯಾಂಪಿನಲ್ಲಿ ದಿನಾ ಮೈಕಿನಲ್ಲಿ 'ಫಾಮ್ ಥಿ ಸೌ' ಅಂತ ಕೂಗುತ್ತಿದ್ದರಂತೆ. ತನ್ನ ಗಂಡನ ಮನೆತನದ ಯಾರೋ ಹೆಂಗಸು, ಉತ್ತರವೇ ಕೊಡುತ್ತಿಲ್ಲ, ಸತ್ತೇ ಹೋಗಿದ್ದಾಳೇನೋ ಅಂತ ಸಂಕಟವಾಗಿ, ಪ್ರತಿ ಸಂಜೆ ಆಕೆಗಾಗಿ ಒಂದು ಊದುಬತ್ತಿ ಹಚ್ಚಿದರಂತೆ.

ಆಮೇಲೆ ನನ್ನನ್ನೇ ನೋಡಿ ಕೇಳಿದರು. "ಆಕೆ ಸಿಕ್ಕಳಾ?"

ಹ್ವಾ ತಟ್ಟೆ ನೋಡುತ್ತಿದ್ದಳು, ತುಟಿಯಲ್ಲಿ ನಗು. ಸಿಕ್ಕಳು ಅಂದೆ. ಅಮ್ಮ ಎರಡೂ ಕೈ ಜೋಡಿಸಿದರು, ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದೆ.