ನೀರನ್ನು ಹಿಂದಕ್ಕೆ ಹರಿಸಿದ ಅಪರಾಧ

ಶುದ್ಧೀಕರಣ ಘಟಕಗಳ ತಪಾಸಣಾಧಿಕಾರಿಗಳೇ,

ನಮ್ಮ ಬಾಲಾನಗರದ ಕಾಲೊನಿಯ ಕೊಳಚೆ ನೀರಿನ ಘಟಕ ನಡೆಸುವ ವನಜಾಳಿಗೆ ನೀವು ನೋಟಿಸು ಕೊಟ್ಟಿದ್ದೀರಿ. ಸೋಮವಾರದೊಳಗೆ ಸಮಜಾಯಿಷಿ ಬರದಿದ್ದರೆ ಕೆಲಸದಿಂದ ತೆಗೆಯುತ್ತೀರಂತೆ. ಅಪರಾಧವೇನು? ಘಟಕ ನಿಲ್ಲಿಸಿ, ಸೋಸಿದ ನೀರನ್ನೇ ಸೋಸುವ ಪೊರೆಯೊಳಗೆ ಹಿಂದಕ್ಕೆ ಹರಿಸಿ 'ಪೋಲು' ಮಾಡಿದ್ದು. ಮಾನ್ಯರೇ, ಪೊರೆಗೆ ಕಟ್ಟಿದ ಕೆಸರನ್ನು ಹಾಗೆ ತೊಳೆಯುವುದಕ್ಕೆ ಬ್ಯಾಕ್‌ವಾಶ್ ಎನ್ನುತ್ತಾರೆ. ಬಿ.ಎಸ್ಸಿ. ಎರಡನೇ ವರ್ಷಕ್ಕೇ ನಿಂತುಹೋದ ನನ್ನ ಇಂಗ್ಲಿಷಿಗೆ ಗೊತ್ತಿರುವುದು ನಿಮ್ಮ ಕಚೇರಿಗೆ ಗೊತ್ತಿಲ್ಲವೇ?

ನಿಮ್ಮ ರಿಜಿಸ್ಟರಿನಲ್ಲಿರುವುದು ಒಂದೇ ಅಂಕಣ: ದಿನಕ್ಕೆ ಎಷ್ಟು ನೀರು ಹೊರಬಂತು. ಪೊರೆ ತೊಳೆದ ದಿನ ಆ ಅಂಕಿ ಇಳಿಯುತ್ತದೆ. ಹಾಗಾಗಿ ಯಾರೂ ತೊಳೆಯುವುದಿಲ್ಲ, ಒತ್ತಡ ಏರಿಸುತ್ತಾರೆ. ಕೆಸರು ರಂಧ್ರಗಳಿಗೆ ಇನ್ನಷ್ಟು ಬಿಗಿಯಾಗಿ ಮೆತ್ತಿಕೊಳ್ಳುತ್ತದೆ. ಆರು ವರ್ಷ ಬಾಳಬೇಕಾದ ಪೊರೆ ಎರಡೇ ವರ್ಷಕ್ಕೆ ಗುಜರಿ. ಇದಕ್ಕೆ ನೀವಿಟ್ಟ ಹೆಸರು ಪರ್ಫಾರ್ಮೆನ್ಸ್!

ವಿಷಯಾಂತರ ಎನ್ನಬೇಡಿ, ನನ್ನ ಹೆಂಡತಿ ಉಮಾಬಾಯಿ ನಲ್ಲಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟುತ್ತಿದ್ದಳು. ದಿನಾ ಬೆಳಿಗ್ಗೆ ಬಿಚ್ಚಿ, ತಿರುವಿ, ಬೆನ್ನ ಕಡೆಯಿಂದ ನೀರು ಬಿಡುತ್ತಿದ್ದಳು. "ಫಿಲ್ಟ್ರೇಶನ್ ಈಸ್ ದಿ ಪ್ರೋಸೆಸ್ ಆಫ್..." ಎಂದು ನಾನು ಶುರು ಮಾಡಿದರೆ ಮುಂದಿನದು ನೆನಪಾಗುತ್ತಿರಲಿಲ್ಲ. ಅವಳು ನಗುತ್ತಿದ್ದಳು: "ನಿಮ್ಮ ಪ್ರೋಸೆಸ್ ಇರ್ಲಿ. ಹೊಲಸು ಬಂದ ದಾರೀಲೇ ಹೊಳ್ಳಿ ಹೋಗ್ಬೇಕ್ರಿ." ಅವಳು ತೀರಿಕೊಂಡ ಮೇಲೆ ಹನ್ನೊಂದು ದಿನ ನಾನು ಆ ಬಟ್ಟೆ ಮುಟ್ಟಲಿಲ್ಲ. ನೀರು ಸಣ್ಣಗಾಯಿತು. ನಾನು ನಲ್ಲಿಯನ್ನು ಇನ್ನಷ್ಟು ತಿರುವಿದೆ. ಬಟ್ಟೆ ಹರಿದು ಹೋಯಿತು. ನೀವು ಮಾಡುತ್ತಿರುವುದೂ ಅದನ್ನೇ.

ಕಳೆದ ವಾರ ವನಜಾ ಬಂದು, "ಕಾಕಾ, ಪೊರಿ ಪೂರಾ ಕಟ್ಟೇತ್ರಿ. ಸಾಹೇಬ್ರು ನಾಳೆ ಬರ್ತಾರ, ಏನ್ ಮಾಡ್ಲಿ?" ಎಂದಳು. "ಬರ್ಲಿ ಬಿಡವ್ವ, ನೀ ತೊಳಿ. ನೋಡಿ ಶಾಬಾಷ್ ಅಂತಾರ" ಎಂದವನು ನಾನು, ಕಾಲೊನಿಯ ನೀರು ಸಮಿತಿಯ ಕಾರ್ಯದರ್ಶಿ. ನೀವು ಬಂದಿರಿ. "ಪಾನಿ ಉಲ್ಟಾ ಕಾಯ್ಕು ಜಾರಾ?" ನೀರು ಹಿಂದಕ್ಕೆ ಯಾಕೆ ಹೋಗುತ್ತಿದೆ ಎಂದು ಗುಡುಗಿದಿರಿ. ಉತ್ತರ ಕೇಳುವಷ್ಟು ಹೊತ್ತೂ ನಿಲ್ಲಲಿಲ್ಲ.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ದಿನಕ್ಕೆ ನಾಲ್ಕು ಸಲ ಹೋಗಿ ಒತ್ತಡಮಾಪಕದ ಮುಳ್ಳು ನೋಡಿ ಬರುತ್ತೇನೆ. ನೋಟಿಸು ಹಿಂಪಡೆಯಿರಿ. ಕೊಡಲೇಬೇಕೆಂದಿದ್ದರೆ ತೊಳೆಯಲು ಹೇಳಿದ ನನಗೆ ಕೊಡಿ. ರಿಜಿಸ್ಟರಿನಲ್ಲಿ ಇನ್ನೊಂದು ಅಂಕಣ ಎಳೆಯಿರಿ: ಪೊರೆ ತೊಳೆದದ್ದು ಯಾವಾಗ. ಇಂದು ಬೆಳಿಗ್ಗೆ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. "ತೊಳಿಯವ್ವ" ಎಂದೆ. "ಸೋಮವಾರ ದಾಟ್ಲಿ ತಡೀರಿ ಕಾಕಾ" ಎಂದಳು, ಕೈ ಕಟ್ಟಿಕೊಂಡು.

ಪೊರೆಗೆ ಸೋಮವಾರ ಗೊತ್ತಿಲ್ಲ, ಮಾನ್ಯರೇ.

ಇಂತಿ,
ಶಾಬಾಷ್ ಸಿಗುತ್ತದೆಂದು ನಂಬಿಸಿದ ತಪ್ಪಿತಸ್ಥ,
ಶಿವಾನಂದ
ಬಾಲಾನಗರ, ಹೈದರಾಬಾದ್